ಹೊಳೆಚರಂಡಿ

ಅಗರ
12 ಜೂನ್ 2023

ಲಿಖಿತಾ,

ನೀನು ಫೋನು ಮಾಡಿದಾಗಲೆಲ್ಲ ನನ್ನ ಕಿವಿಯಲ್ಲಿ ರಾಗಿ ಬೀಸಿದ ಹಾಗೆ ಗೊರಗೊರ ಎನ್ನುತ್ತದೆಯೇ ಹೊರತು ಒಂದು ಮಾತೂ ತಿಳಿಯುವುದಿಲ್ಲ. ಎದುರಿಗೆ ಕೂತು ಗಂಟಲು ಹರಿದುಕೊಂಡರೆ ಕೇಳಿಸುತ್ತದೆ. ನೀನು ಎದುರಿಗೆ ಬರುವವಳಲ್ಲ. ಅದಕ್ಕೇ ಈ ಕಾಗದ. ಮೈಸೂರಿನಲ್ಲಿ ಇಂಜಿನಿಯರ್ ಆಗಿದ್ದೇನೆ ಎಂದು ನನ್ನ ಅಕ್ಷರ ನೋಡಿ ನಗಬೇಡ. ನಾನು ಓದಿದ್ದು ನಾಲ್ಕನೇ ಕ್ಲಾಸು. ನಾವು ಹುಡುಗಿಯರು ‘ಓಗು’, ‘ಆಲು’ ಅಂದರೆ ಮೇಷ್ಟರು ಬೆರಳಿನ ಗಿಣ್ಣಿಗೆ ಹೊಡೆದು, “ಹ ಎಲ್ಲಿ? ನುಂಗಿಬಿಟ್ಟೆಯಾ?” ಎನ್ನುತ್ತಿದ್ದರು. ಬಾಯಲ್ಲಿ ಈಗಲೂ ನುಂಗುತ್ತೇನೆ. ಬರೆಯುವಾಗ ಮಾತ್ರ ಹ ಹಾಕದೆ ಬಿಡುವುದಿಲ್ಲ.

ವಿಷಯ ಏನೆಂದರೆ, ನಮ್ಮ ಹೊಳೆಗೆ ಒಳ್ಳೆಯ ಕಾಲ ಬಂದಿದೆ. ಹೊಳೆ ಈಗ ಹೇಗಿದೆ ಗೊತ್ತಾ? ಸೋಪಾನಕಟ್ಟೆಯಲ್ಲಿ ಬಟ್ಟೆ ಒಗೆಯಲು ಇಳಿದರೆ ಮೊದಲು ಕೋಲಿನಿಂದ ತಳ್ಳಬೇಕು. ಪೇಟೆಯ ಕೋಳಿ ಅಂಗಡಿಯವರು ಎಸೆದ ಕರುಳು, ಪುಕ್ಕ. ಕ್ಷೌರದಂಗಡಿಯ ಕೂದಲು ಸೆರಗಿಗೆ ಸುತ್ತಿಕೊಳ್ಳುತ್ತದೆ. ಮಕ್ಕಳಿಗೆ ಕಟ್ಟುವ ಆ ಪ್ಯಾಂಪರ್ಸು ನೀರು ಕುಡಿದು ಹೆಣದ ಹೊಟ್ಟೆಯ ಹಾಗೆ ಉಬ್ಬಿ ತೇಲಿಬರುತ್ತದೆ. ಥೂ! ಬರೆಯುವಾಗಲೂ ವಾಕರಿಕೆ ಬರುತ್ತದೆ.

ಮೊನ್ನೆ ಪಂಚಾಯ್ತಿ ಮುಂದೆ ಸಭೆ ಆಯಿತು. ಆಫೀಸಿನವನೊಬ್ಬ ಮೈಕು ಹಿಡಿದು, “ಹೊಳೆಗೆ ಶುದ್ಧವಾದ ನೀರು ಬಿಡ್ತೀವಿ. ನಿಮ್ಮೂರ ಗೋಮಾಳದಲ್ಲಿ ಸ್ವಲ್ಪ ಜಾಗ ಕೊಡಿ. ಇದು ಹೊಳೆಚರಂಡಿ ಯೋಜನೆ” ಎಂದ. ಪಕ್ಕದ ಮನೆ ರಾಚಮ್ಮ ನನ್ನ ತಿವಿದು, “ಅಕ್ಕ, ಒಳೆಗೇ ಚರಂಡಿ ತೋಡುಸ್ತಾರಂತೆ ಕಣಕ್ಕ. ಜೊಂಡು, ಕಸ ಎಲ್ಲ ಕಿತ್ತಾಕ್ತರೆ” ಎಂದಳು. ನನಗೂ ಹಾಗೇ ಕೇಳಿಸಿತ್ತು. ಗಂಡಸರು ಮುಖ ಮುಖ ನೋಡಿಕೊಂಡು ಕೂತಿದ್ದರು. ನಾನು ಎದ್ದು ನಿಂತು, “ಏನ್ರೋ ನೋಡೀರಿ? ಒಳೆ ಚೊಕ್ಕಟ ಮಾಡ್ತೀವಿ ಅಂದೋರ್ಗೆ ಜಾಗ ಕೊಡಕೂ ಲೆಕ್ಕಾಚಾರವ?” ಎಂದು ಕೈ ಎತ್ತಿದೆ. ಹೆಂಗಸರೆಲ್ಲ ಎತ್ತಿದರು. ಗಂಡಸರು ನಾಚಿಕೊಂಡು ಎತ್ತಿದರು. ಸೋಪಾನಕಟ್ಟೆಯ ಮೇಲಿನ ಜಾಗವನ್ನೇ ಕೊಟ್ಟಿದ್ದೇವೆ.

ನಿನ್ನ ಅಜ್ಜಿ ಊರಿಗೆ ಒಂದು ಉಪಕಾರ ಮಾಡಿದಳು ಎಂದು ತಿಳಿದುಕೋ.

ನಿನ್ನ ಅಜ್ಜಿ
ಚಿಕ್ಕತಾಯಮ್ಮ


ಮೈಸೂರು
21 ಜೂನ್ 2023

ಅಜ್ಜೀ,

ನಿನ್ನ ಕಾಗದ ಓದಿ ರೂಮಿನಲ್ಲಿ ಒಬ್ಬಳೇ ನಕ್ಕೆ. ಆಮೇಲೆ ನಗು ನಿಂತುಹೋಯಿತು.

ಅದು ಹೊಳೆಚರಂಡಿ ಅಲ್ಲ ಅಜ್ಜಿ, ಒಳಚರಂಡಿ. ಅಲ್ಲಿ ಹ ಇಲ್ಲ. ನೀವೆಲ್ಲ ಹೊಳೆಯನ್ನು ‘ಒಳೆ’ ಅನ್ನುತ್ತೀರಲ್ಲ, ಅದಕ್ಕೇ ಹಾಗೆ ಕೇಳಿಸಿದೆ. ಒಳಚರಂಡಿ ಎಂದರೆ ನೆಲದ ಒಳಗಿನ ಚರಂಡಿ. ಪೇಟೆಯ ಮನೆಗಳ ಬಚ್ಚಲು ಮತ್ತು ಕಕ್ಕಸಿನ ನೀರೆಲ್ಲ ಪೈಪಿನಲ್ಲಿ ಇಳಿಜಾರಿಗೆ ಹರಿದು ನಿಮ್ಮ ಗೋಮಾಳಕ್ಕೆ ಬರುತ್ತದೆ. ಅಲ್ಲಿ ದೊಡ್ಡ ತೊಟ್ಟಿಗಳನ್ನು ಕಟ್ಟುತ್ತಾರೆ. ತೊಟ್ಟಿಯಲ್ಲಿ ಗಾಳಿ ಊದಿ, ಹೊಲಸನ್ನು ಕೆಳಗೆ ಇಳಿಸಿ, ತಿಳಿಯಾದ ನೀರನ್ನು ಮಾತ್ರ ಹೊಳೆಗೆ ಬಿಡುತ್ತಾರೆ. ಈಗ ಅದೇ ನೀರು ಸಿಕ್ಕಿದ ಕಡೆ ಹರಿದು ಹೇಗೂ ಹೊಳೆಗೇ ಬರುತ್ತಿದೆ. ಆ ತೊಟ್ಟಿಗಳಾದರೆ ನಿಜವಾಗಲೂ ಹೊಳೆ ಚೊಕ್ಕಟವಾಗುತ್ತದೆ. ನೀನು ಕೈ ಎತ್ತಿದ್ದು ತಪ್ಪಲ್ಲ.

ನನಗೆ ಗೊತ್ತಿರುವವರೊಬ್ಬರು ಆ ಕೆಲಸದಲ್ಲಿದ್ದಾರೆ. ಒಳ್ಳೆಯವರು. ನೀನು ಯೋಚನೆ ಮಾಡಬೇಡ.

ನಿನ್ನ
ಲಿಖಿತಾ


ಅಗರ
17 ಜುಲೈ 2023

ಲಿಖಿತಾ,

ಅಂದರೆ ಪೇಟೆಯವರು ಕೂತೆದ್ದದ್ದೆಲ್ಲ ನಾನು ಸೀರೆ ಜಾಲಿಸುವ ಜಾಗಕ್ಕೆ ಬರಲಿ ಎಂದು ನಾನೇ ಕೈ ಎತ್ತಿದ್ದೇನೆ. ಅಯ್ಯೋ ನನ್ನ ಕೈಯೇ!

ನೀನು ಬರೆದದ್ದನ್ನು ನಿನ್ನ ಅತ್ತೆಗೆ ಓದಿ ಹೇಳಿದೆ. ಅವಳು ಊರಿಗೆಲ್ಲ ಹೇಳಿದಳು. ಈಗ ನಾನು ಬೀದಿಗೆ ಕಾಲಿಟ್ಟರೆ ಸಾಕು. ನನ್ನ ತಿವಿದು ಹೇಳಿದವಳು ತಾನೇ ಎನ್ನುವುದನ್ನು ಮರೆತು ರಾಚಮ್ಮ ಜಗುಲಿಯಿಂದಲೇ ಕೂಗುತ್ತಾಳೆ: “ಏನಕ್ಕ, ಒಳೆ ಚರಂಡಿ ಬಂತಾ? ಬಂದ್ರೆ ಮೊದ್ಲು ನಿಂದೇ ತಲೆಸ್ನಾನ ಕಣಕ್ಕ!” ನಾನೂ ಬಿಡಲಿಲ್ಲ. “ನಿನ್ನೂ ಎಳ್ಕಂಡೇ ಇಳಿಯದು ಕಣೇ, ಬೆನ್ನು ಉಜ್ಜಕೆ ಒಬ್ರು ಬೇಕಲ್ಲ” ಎಂದೆ. ನಗುತ್ತಾರೆ. ನಗು ಮುಗಿದ ಮೇಲೆ ಎಲ್ಲರೂ ಹೊಳೆಯ ಕಡೆ ನೋಡುತ್ತಾರೆ. ಊರಿಗೆ ಕುಡಿಯುವ ನೀರಿನ ಬೋರು ಸೋಪಾನಕಟ್ಟೆಯ ಪಕ್ಕದಲ್ಲೇ ಇರುವುದು ನಿನಗೆ ಗೊತ್ತಲ್ಲ.

ಕೆಲಸ ಶುರುವಾಗಿದೆ. ಜೆಸಿಬಿ ಬಂದು ಗೋಮಾಳವನ್ನು ಬಗೆದು ಹಾಕಿದೆ. ಹೋದ ವಾರ ಜೀಪಿನಲ್ಲಿ ಒಬ್ಬಳು ಬಂದಿದ್ದಳು. ತಲೆಗೆ ಹೆಲ್ಮೆಟ್ಟು, ಮೈಗೆ ಕಿತ್ತಳೆ ಬಣ್ಣದ ಕೋಟು, ಬಾಯಿಗೆ ಬಟ್ಟೆ, ಕಣ್ಣಿಗೆ ಕಪ್ಪು ಕನ್ನಡಕ. ಒಳಗೆ ಮನುಷ್ಯಳೇ ಇದ್ದಳೋ ಇಲ್ಲವೋ ದೇವರಿಗೇ ಗೊತ್ತು. ದಡದಲ್ಲಿ ನಿಂತು ನಮ್ಮ ಹೊಳೆ ನೋಡಿ ಕರ್ಚೀಫು ತೆಗೆದಳು. ಮೂಗಿಗೆ! ಈಗಲೇ ಮೂಗು ಮುಚ್ಚಿಕೊಳ್ಳುವವಳು ಪೇಟೆಯ ಕಕ್ಕಸನ್ನು ಯಾವ ಮೂಗಿನಿಂದ ತಂದು ಬಿಡುತ್ತಾಳೆ? “ಏಯ್, ಇಲ್ನೋಡೇ!” ಎಂದು ಕೂಗಿದೆ. ತಿರುಗಿಯೂ ನೋಡದೆ ಜೀಪು ಹತ್ತಿದಳು. ಯಾರ ಮನೆಯ ಹುಡುಗಿಯೋ, ದೊಡ್ಡವರು ಕರೆದರೆ ಓ ಎನ್ನುವುದನ್ನೂ ಕಲಿಸಿಲ್ಲ. ಅವಳಿಗೊಬ್ಬಳು ಅಜ್ಜಿ ಇರಬೇಕಲ್ಲ, ಆ ಮುದುಕಿಯ ಬಾಯಿಗೆ ಮಣ್ಣು ಹಾಕ.

ನಿನಗೆ ಗೊತ್ತಿರುವವರು ಯಾರೋ ಇದ್ದಾರೆ ಎಂದಿದ್ದೆಯಲ್ಲ, ಅವರಿಗೆ ಇದನ್ನೆಲ್ಲ ಹೇಳು.

ಅಜ್ಜಿ


ಮೈಸೂರು
30 ಜುಲೈ 2023

ಅಜ್ಜೀ,

ಹೇಳಿದ್ದೇನೆ. ಅವರಿಗೆ ತಿಳಿದಿದೆ.

ಅಗೆದ ಗುಂಡಿಯ ಅಂಚಿಗೆ ಹೋಗಬೇಡ, ಮಣ್ಣು ಜಾರುತ್ತದೆ. ಆ ಹುಡುಗಿಗೆ ಅಷ್ಟು ಬಯ್ಯಬೇಡ ಅಜ್ಜಿ. ಅವಳ ಮೇಲೂ ಸಾಹೇಬರಿದ್ದಾರೆ. ಕರ್ಚೀಫು ಮೂಗಿಗೇ ಇಟ್ಟಳು ಎಂದು ಹೇಗೆ ಹೇಳುತ್ತೀಯ? ಕನ್ನಡಕ ಎತ್ತಿ ಕಣ್ಣು ಒರೆಸಿಕೊಂಡಿರಬಹುದು.

ಕೆಲಸ ಜಾಸ್ತಿ. ಬೇಗ ಬರುತ್ತೇನೆ.

ಲಿಖಿತಾ


ಅಗರ
24 ನವೆಂಬರ್ 2023

ಲಿಖಿತಾ,

ಬೇಗ ಬರುತ್ತೇನೆ ಎಂದವಳು ದಸರೆಗೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಅದಕ್ಕೇ ನಾನೂ ಬರೆಯಲಿಲ್ಲ. ಇವತ್ತು ಒಂದು ಒಳ್ಳೆಯ ಸುದ್ದಿ ಇದೆ, ಹಾಗಾಗಿ ಸಿಟ್ಟು ಬಿಟ್ಟು ಬರೆಯುತ್ತಿದ್ದೇನೆ.

ಈಗ ನಾನು ದಿನಾ ಊಟ ಆದ ಮೇಲೆ ಗೋಮಾಳದ ಹುಣಸೆಮರದ ಕೆಳಗೆ ಹೋಗಿ ಕೂರುತ್ತೇನೆ. ಅವರು ಏನು ಮಾಡುತ್ತಾರೆ ನೋಡಬೇಕಲ್ಲ. ಮಾಡುವುದೇನೂ ಇಲ್ಲ. ತೊಟ್ಟಿಗಳಿಗೆ ಕಂಬಿ ನಿಲ್ಲಿಸಿದ್ದಾರೆ, ಕಂಬಿಗೆ ತುಕ್ಕು ಹಿಡಿದಿದೆ. ಗಾಳಿ ಊದುವ ಮಿಷನ್ನು ಬಂದೇ ಇಲ್ಲ. ಪೇಟೆಯಿಂದ ಬರುವ ಪೈಪು ಮಾತ್ರ ಬಂದು ಮೊದಲ ತೊಟ್ಟಿಗೆ ಬಾಯಿಟ್ಟುಕೊಂಡು ಕೂತಿದೆ. ಕೆಲಸಗಾರರು ಪಾನ್ ಪರಾಗ್ ಉಗಿದು ಉಗಿದು ಅವರ ಶೆಡ್ಡಿನ ಗೋಡೆ ಹೆರಿಗೆ ಕೋಣೆಯ ಹಾಗೆ ಕೆಂಪಗಾಗಿದೆ. ನೋಡಲು ಅಸಹ್ಯ.

ಕಂಟ್ರಾಕ್ಟರ್ ಶಿವರುದ್ರಸ್ವಾಮಿಯ ಮೇಸ್ತ್ರಿ ಮಾದಸ್ವಾಮಿ ಎಂದು ಒಬ್ಬನಿದ್ದಾನೆ, ಶಾಗ್ಯದವನು. ಅವನನ್ನು ಹಿಡಿದು ಕೇಳಿದೆ. “ಏನ್ಲಾ ಮಾದಸ್ವಾಮಿ, ಸಂಕ್ರಾಂತಿಗೆ ದೊಡ್ಡೋರು ಬಂದು ನೀರು ಬುಡುಸ್ತರೆ ಅಂತೀಯ, ತೊಟ್ಟೀನೇ ಆಗಿಲ್ವಲ್ಲ. ಪೇಟೆ ಒಲಸ್ನೆಲ್ಲ ಎಲ್ಲಿಗ್ಲಾ ಬುಡದು? ನಿನ್ ತಲೆ ಮ್ಯಾಕಾ?”

“ನೀವ್ಯಾಕವ್ವ ತಲೆ ಕೆಡುಸ್ಕಂಡೀರಿ? ತೊಟ್ಟಿ ಆಗೋಗಂಟ ಬೈಪಾಸ್ ಮಾಡಿವಿ. ಎಲ್ಲ ಬೈಪಾಸ್‌ಗೆ ಓಯ್ತದೆ.”

“ನಿಜವೇನ್ಲಾ?”

“ಮಾದಪ್ಪನಾಣೆ ಕಣವ್ವ.”

ನನಗೆ ಉಸಿರು ಬಂದ ಹಾಗಾಯಿತು. ಬೈಪಾಸಿನಲ್ಲಿ ಏನಿದೆ? ಬರೀ ಲಾರಿ ಓಡಾಡುವ ರಸ್ತೆ. ಮನೆಯಿಲ್ಲ, ಗದ್ದೆಯಿಲ್ಲ. ಅಲ್ಲಿಗೇ ಹೋಗಿ ಬೀಳಲಿ. ಊರ ಹೆಂಗಸರಿಗೆಲ್ಲ ಹೇಳಿದ್ದೇನೆ. ರಾಚಮ್ಮನ ಬಾಯಿ ಮುಚ್ಚಿದೆ. ತೊಟ್ಟಿಯ ಬೆನ್ನಿನಿಂದ ಸೋಪಾನಕಟ್ಟೆಯ ಕಡೆಗೆ ಹೊಸದಾಗಿ ಒಂದು ದಪ್ಪ ಪೈಪು ಹೂತಿದ್ದಾರೆ. ಅದು ಮಳೆ ನೀರಿಗೆ ಇರಬೇಕು.

ನೀನು ಹೇಳಿದ ಒಳ್ಳೆಯವರು ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆ ಎಂದು ಹೇಳು.

ಅಜ್ಜಿ


ಮೈಸೂರು
29 ನವೆಂಬರ್ 2023

ಅಜ್ಜೀ,

ಮಾದಸ್ವಾಮಿ ಹೇಳಿದ್ದು ರಸ್ತೆಯ ಬೈಪಾಸ್ ಅಲ್ಲ. ನೀನು ನೋಡಿದ ಆ ದಪ್ಪ ಪೈಪೇ ಬೈಪಾಸ್. ಪೇಟೆಯ ಪೈಪನ್ನು ತೊಟ್ಟಿಯ ಬದಲು ಅದಕ್ಕೇ ಜೋಡಿಸುತ್ತಾರೆ, ಹೊಲಸು ನೀರು ಶುದ್ಧವಾಗದೆ ನೇರವಾಗಿ ಸೋಪಾನಕಟ್ಟೆಗೆ ಬೀಳುತ್ತದೆ. ಅದನ್ನು ಹೂತಿರುವುದು ನನಗೆ ಗೊತ್ತಿರಲಿಲ್ಲ. ನಾನು ನೋಡಲು ಹೋದಾಗ ಅದು ಇರಲಿಲ್ಲ. ನಿನ್ನ ಕಾಗದದಿಂದಲೇ ಗೊತ್ತಾಯಿತು.

ಹೌದು, ನಾನು ನೋಡಲು ಹೋಗಿದ್ದೆ. ಆ ಕೆಲಸದಲ್ಲಿರುವ ‘ಗೊತ್ತಿರುವವರು’ ನಾನೇ. ಜೂನ್ ತಿಂಗಳಿಂದ ಆ ಯೋಜನೆಯ ಉಸ್ತುವಾರಿ ನನ್ನದು. ಅದಕ್ಕೂ ಮೊದಲು ನಕ್ಷೆಯಲ್ಲಿ ತಗ್ಗಿನ ಜಾಗ ಹುಡುಕಿ ನಿಮ್ಮ ಗೋಮಾಳಕ್ಕೆ ಗುರುತು ಹಾಕಿದ್ದೂ ನಾನೇ. ತೊಟ್ಟಿಗಳು ಸರಿಯಾಗಿ ಆದರೆ ಹೊಳೆ ಚೊಕ್ಕಟವಾಗುತ್ತದೆ ಎಂದು ನಂಬಿಯೇ ಗುರುತು ಹಾಕಿದೆ. ಹೆಲ್ಮೆಟ್ ಹಾಕಿಕೊಂಡು ಬಂದವಳು ನಾನು. ನೀನು ಕೂಗಿದ್ದು ಕೇಳಿಸಿತು. ತಿರುಗಿದ್ದರೆ ನೀನು ಎಲ್ಲರ ಮುಂದೆ ‘ನಮ್ಮ ಲಿಖಿತಾ’ ಎನ್ನುತ್ತಿದ್ದೆ. ಆಮೇಲೆ ಒಂದು ಪೈಪು ಸೋರಿದರೂ ಊರು ನಿನ್ನನ್ನು ಕೇಳುತ್ತಿತ್ತು. ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ಈಗ ಕೇಳು. ‘ತೊಟ್ಟಿಗಳು ಸಿದ್ಧವಾಗಿವೆ, ನೀರು ಬಿಡಬಹುದು’ ಎಂದು ನಾನು ಸಹಿ ಹಾಕಿದರೆ ಸಂಕ್ರಾಂತಿಗೆ ಪೇಟೆಯದೆಲ್ಲ ನಿಮ್ಮ ಹೊಳೆಗೆ, ಬೋರಿನ ಪಕ್ಕಕ್ಕೆ ಬರುತ್ತದೆ. ಹಾಕದಿದ್ದರೆ ನನ್ನನ್ನು ಈ ಕೆಲಸದಿಂದ ತೆಗೆಯುತ್ತಾರೆ. ಆಮೇಲೆ ಬರುವವನು ಸಹಿ ಹಾಕಬಹುದು. ನಾನಿದ್ದರೆ ಏನಾದರೂ ತಡೆಯಬಹುದೇನೋ ಎಂದೂ ಅನಿಸುತ್ತದೆ.

ಬಯ್ದು ಬರೆ.

ಲಿಖಿತಾ


ಅಗರ
6 ಡಿಸೆಂಬರ್ 2023

ಲೇ ಲಿಖಿತಾ,

ನೀನೇ ಎಂದು ನನಗೆ ಜುಲೈನಲ್ಲೇ ಗೊತ್ತು. ಹೆಲ್ಮೆಟ್ಟು ಹಾಕಿಕೊಂಡರೆ ನಿಲ್ಲುವ ಭಂಗಿ ಬದಲಾಗುತ್ತದಾ? ಒಂದು ಕಾಲಿನ ಮೇಲೆ ಭಾರ ಬಿಟ್ಟು ಸೊಂಟ ವಾಲಿಸಿ ನಿಲ್ಲುವುದು ನಿಮ್ಮಮ್ಮ. ಆಮೇಲೆ ನೀನು. ಅದಕ್ಕೇ ಹೊಟ್ಟೆ ತುಂಬ ಬಯ್ದು ನಿನಗೇ ಬರೆದೆ, ನೆಟ್ಟಗೆ ಮುಟ್ಟಲಿ ಎಂದು. ನಿನ್ನ ಅಜ್ಜಿಯನ್ನೂ ಸೇರಿಸಿ ಬಯ್ದೆ, ಪಾಪ ಅವಳಿಗೂ ಪಾಲಿರಲಿ ಎಂದು. ನೀನೇ ಬಾಯಿಬಿಡುತ್ತೀಯೇನೋ ಎಂದು ಕಾದೆ. ನಾಲ್ಕೈದು ತಿಂಗಳು ಬೇಕಾಯಿತು ನಿನಗೆ.

ಊರು ಅಂದೀತು ಎಂದು ಮುಖ ಮುಚ್ಚಿಕೊಂಡೆಯಂತೆ. ಊರು ಯಾವಾಗ ಅನ್ನದೆ ಬಿಟ್ಟಿದೆ? ನನಗೆ ಹೇಸಿಗೆಯಾದದ್ದು ಅದಕ್ಕಲ್ಲ. ನಾನಿದ್ದರೆ ಏನಾದರೂ ತಡೆಯಬಹುದು ಎಂದು ಬರೆದಿದ್ದೀಯಲ್ಲ, ಆ ಸಾಲಿಗೆ. ಸಹಿ ಹಾಕಿದ ಮೇಲೆ ನೀನು ಅಲ್ಲಿ ಇದ್ದು ಏನನ್ನು ತಡೆಯುತ್ತೀಯ? ವಾಸನೆಯನ್ನಾ? ಹಾಕಬೇಡ. ಬೇರೆಯವನು ಹಾಕಿದರೆ ಅವನ ಹೊಲಸು ಅವನಿಗೆ.

ಬೈಪಾಸಿನ ವಿಷಯ ರಾಚಮ್ಮನಿಗೆ ಹೇಳಿದೆ. ನಗಲಿಲ್ಲ. “ಅಕ್ಕ, ಪೈಪ್ ಬಾಯ್ಗೆ ಮೂರು ಕಲ್ಲು ನಿಲ್ಸಿ, ಅರಿಶ್ನ ಕುಂಕುಮ ಬಳ್ದು ಗಂಗಮ್ಮ ಅಂದ್ಬುಡನ. ಮುಟ್ಟಕೆ ಯಾವೋನ್ಗೆ ಧೈರ್ಯ ಬಂದದು?” ಎಂದಳು. “ಥೂ ನಿನ್ನ! ತಾಯಿನ ತಂದು ಕಕ್ಕಸ್ನ ಬಾಯಿಗೆ ಕೂರುಸ್ತೀಯಾ?” ಎಂದು ಗದರಿದೆ. ಬೇರೆ ದಾರಿ ಹುಡುಕುತ್ತಿದ್ದೇವೆ.

ಅಜ್ಜಿ


ಮೈಸೂರು
2 ಜನವರಿ 2024

ಅಜ್ಜೀ,

ಸಹಿ ಹಾಕಲಿಲ್ಲ.

ದೊಡ್ಡ ಸಾಹೇಬರು ಕೂಗಾಡಲಿಲ್ಲ. ಕಾಫಿ ತರಿಸಿದರು. “ಎರಡು ಮೂರು ತಿಂಗಳ ಮಾತಮ್ಮಾ. ಹೊಳೇಲಿ ಅಷ್ಟೊಂದು ನೀರು ಹೋಗುತ್ತೆ, ಯಾರಿಗೂ ಗೊತ್ತಾಗಲ್ಲ” ಎಂದರು. “ಕೆಳಗೆ ನಮ್ಮಜ್ಜಿ ಇದ್ದಾರೆ ಸಾರ್” ಎಂದೆ. “ಎಲ್ಲ ಹೊಳೆ ಕೆಳಗೂ ಯಾರದೋ ಅಜ್ಜಿ ಇರ್ತಾರೆ” ಎಂದು ನಕ್ಕರು. ಕಾಫಿ ಅಲ್ಲೇ ಬಿಟ್ಟು ಎದ್ದು ಬಂದೆ.

ಸಂಕ್ರಾಂತಿ ಕಳೆದ ಮೇಲೆ ನನ್ನನ್ನು ಪಾಲಾರ್ ಕಡೆಯ ಕುಡಿಯುವ ನೀರಿನ ಕೆಲಸಕ್ಕೆ ಹಾಕುತ್ತಿದ್ದಾರೆ. ಅಷ್ಟರೊಳಗೆ ಶಿವರುದ್ರಸ್ವಾಮಿ ನನ್ನ ಸಹಿ ಇಲ್ಲದೆಯೇ ‘ಟ್ರಯಲ್’ ಎಂದು ಪೇಟೆಯ ತಗ್ಗಿನ ಬೀದಿಯ ಮನೆಗಳ ಪೈಪುಗಳನ್ನು ಜೋಡಿಸಿ ನೀರು ಬಿಡಿಸುತ್ತಾನಂತೆ. ನಾನು ಮೇಲಿನವರಿಗೆ ದೂರು ಬರೆದಿದ್ದೇನೆ. ಅವರು ಬಂದು ನೋಡುವವರೆಗೂ ನೀವು ಏನೂ ಮಾಡಬೇಡಿ. ನೀನಂತೂ ಏನೂ ಮಾಡಬೇಡ.

ಲಿಖಿತಾ


ಅಗರ
9 ಜನವರಿ 2024

ಲಿಖಿತಾ,

ಏನೂ ಮಾಡಬೇಡ ಎಂದು ಬರೆದಿದ್ದೆ. ಮಾಡಿ ಆಯಿತು.

ಗದ್ದೆಗೆ ನೀರು ಕಟ್ಟುವಾಗ ಬದುವಿನಲ್ಲಿ ನೀರು ಹಾಯುವ ಮಡೆಯನ್ನು ಹೇಗೆ ಮುಚ್ಚುತ್ತೇವೆ? ಹುಲ್ಲಿನ ಸಿವುಡು ಹೊಸೆದು ತುರುಕಿ, ಮೇಲೆ ಜೇಡಿಮಣ್ಣು ಮೆತ್ತಿ ತುಳಿಯುತ್ತೇವೆ. ಒಂದು ತೊಟ್ಟು ಆಚೆ ಹೋಗುವುದಿಲ್ಲ. ಅವರ ಬೈಪಾಸೂ ಒಂದು ಮಡೆಯೇ ತಾನೆ? ಮೊನ್ನೆ ಮಧ್ಯಾಹ್ನ ಮಾದಸ್ವಾಮಿಯ ಕಡೆಯವರು ಉಣ್ಣಲು ಹೋದಾಗ ನಾವು ಹೆಂಗಸರು ಬಟ್ಟೆ ಒಗೆಯುವವರ ಹಾಗೆ ಇಳಿದೆವು. ಬಟ್ಟೆ ಗಂಟಿನಲ್ಲಿ ಹುಲ್ಲು, ಕೊಡದಲ್ಲಿ ಜೇಡಿಮಣ್ಣು. ಪೈಪಿನೊಳಗೆ ತೋಳುದ್ದ ತುರುಕಿ ಗೋಣಿಚೀಲ ಅದುಮಿ ಮಣ್ಣು ಮೆತ್ತಿದೆವು. ರಾಚಮ್ಮ ಕಾಲಿನಿಂದ ಒದ್ದು ಒದ್ದು ಗಟ್ಟಿ ಮಾಡಿದಳು. “ಬಾಣಂತಿ ಒಟ್ಟೆ ಕಟ್ಟಿದಂಗೆ ಕಟ್ಟಿವ್ನಿ ಕಣಕ್ಕ, ಇನ್ನು ಮಿಸುಕಲ್ಲ” ಎಂದಳು.

ನಿನ್ನೆ ಪೇಟೆಯಲ್ಲಿ ನೀರು ಬಿಟ್ಟರಂತೆ. ನಾವು ದಡದಲ್ಲಿ ಸಾಲಾಗಿ ಕೂತು ಕಡ್ಲೆಕಾಯಿ ತಿನ್ನುತ್ತಾ ನೋಡಿದೆವು. ಒಂದು ಹನಿ ಬರಲಿಲ್ಲ. ಮಾದಸ್ವಾಮಿ ತೊಟ್ಟಿಯ ಸುತ್ತ ಓಡಾಡಿ, ಫೋನು ಮಾಡಿ, ತಲೆ ಕೆರೆದುಕೊಂಡು ಜೀಪು ಹತ್ತಿ ಪೇಟೆಗೆ ಓಡಿದ. ನಗು ತಡೆಯಲಾಗಲಿಲ್ಲ.

ನಿನ್ನ ಸಾಹೇಬರಿಗೆ ಹೇಳು, ಕೆಳಗಿರುವ ಅಜ್ಜಿ ಹೀಗಿದ್ದಾಳೆ ಎಂದು.

ಅಜ್ಜಿ


ಪೇಟೆಯ ಸೈಟ್ ಆಫೀಸಿನಿಂದ
12 ಜನವರಿ 2024

ಅಜ್ಜೀ,

ಇದನ್ನು ಜೀಪಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅತ್ತೆಗೆ ಫೋನಿನಲ್ಲಿ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ.

ಅಲ್ಲಿ ಬರಲಿಲ್ಲ ಎಂದೆಯಲ್ಲ, ಆ ನೀರು ಎಲ್ಲಿಗೆ ಹೋಯಿತು ಗೊತ್ತಾ? ಮುಂದೆ ದಾರಿಯಿಲ್ಲದೆ ಪೈಪಿನಲ್ಲೇ ತುಂಬಿ ಹಿಂದಕ್ಕೆ ಏರಿತು. ತಗ್ಗಿನ ಬೀದಿಯ ಮ್ಯಾನ್‌ಹೋಲುಗಳು ಉಕ್ಕಿದವು. ಮನೆಗಳ ಬಚ್ಚಲಿನಿಂದ ಒಳಗೆ ನುಗ್ಗಿತು. ಕೂಲಿ ಮಾಡುವವರ ಬೀದಿ ಅದು. ನಾಲ್ಕು ದಿನದಿಂದ ಅಡುಗೆಮನೆಗಳಲ್ಲಿ ನಿಂತಿದೆ. ಮಕ್ಕಳಿಗೆ ವಾಂತಿ ಶುರುವಾಗಿದೆ. ಟ್ಯಾಂಕರಿನಿಂದ ಎಳೆಸಿದರೂ ಮತ್ತೆ ತುಂಬುತ್ತಿದೆ. ಮೇಲಿನ ಬೀದಿಯ ಮನೆಗಳನ್ನೂ ಜೋಡಿಸಿಬಿಟ್ಟಿದ್ದಾರೆ, ಅವರಿಗೆ ಏನೂ ಆಗಿಲ್ಲ, ಅವರು ನೀರು ಬಿಡುವುದನ್ನು ನಿಲ್ಲಿಸುವುದಿಲ್ಲ.

ಎಲ್ಲಿ ಕಟ್ಟಿಕೊಂಡಿದೆ ಎಂದು ಇವರಿಗೆ ತಿಳಿದಿಲ್ಲ. ನಿನ್ನ ಕಾಗದ ನಿನ್ನೆ ಕೈಗೆ ಬಂದಾಗಿನಿಂದ ನನಗೆ ತಿಳಿದಿದೆ. ಹೇಳಿದರೆ ನಿಮ್ಮ ಮೇಲೆ ಪೊಲೀಸ್ ಕೇಸು. ಹೇಳದಿದ್ದರೆ ಆ ಮಕ್ಕಳು. ಸಂಜೆಯವರೆಗೆ ಕಾಯುತ್ತೇನೆ, ಆಮೇಲೆ ಹೇಳುತ್ತೇನೆ. ಕಿತ್ತರೆ ಹೊಳೆಗೇ ಬೀಳುತ್ತದೆ ಎನ್ನುವುದು ನನಗೂ ಗೊತ್ತು.

ಲಿಖಿತಾ


ಅಗರ
22 ಜನವರಿ 2024

ಲಿಖಿತಾ,

ಡ್ರೈವರು ನಿಂತಿರುವಾಗಲೇ ಓದಿ ರಾಚಮ್ಮನನ್ನು ಕರೆದುಕೊಂಡು ಇಳಿದೆ. ಆವತ್ತು ನಿನಗೆ ‘ಆಯಿತು’ ಎಂದು ಮಾತ್ರ ಹೇಳಿ ಕಳಿಸಿದೆ. ಉಳಿದದ್ದು ಈಗ ಬರೆಯುತ್ತೇನೆ.

ಕಟ್ಟಿದ್ದು ಚೆನ್ನಾಗಿಯೇ ಕಟ್ಟಿದ್ದೆವು. ಕೋಲಿಗೆ ಬರಲಿಲ್ಲ, ಗುದ್ದಲಿಗೆ ಬರಲಿಲ್ಲ. ಬಗ್ಗಿ ಬಲಗೈಯನ್ನು ಭುಜದವರೆಗೆ ಹಾಕಿ ಹುಲ್ಲಿನ ಬುಡ ಹಿಡಿದು ಎಳೆದೆ. ಒಳಗಿನಿಂದ ಅದು ಬೆಚ್ಚಗಿತ್ತು ಕಣೇ. ನಾನು ಅಂದುಕೊಂಡದ್ದು ತಣ್ಣಗಿರುತ್ತದೆ ಎಂದು. ಆಮೇಲೆ ಒಂದೇ ಸಲ ಬಂತು. ಏನು ಬಂತು ಎಂದು ಬರೆಯುವುದಿಲ್ಲ. ತೋಳು, ಎದೆ, ಸೀರೆ. ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟೇ ಪುಣ್ಯ. ರಾಚಮ್ಮ ದಡದಲ್ಲಿ ಕೂತು ಕರುಳು ಬರುವ ಹಾಗೆ ಕಾರಿದಳು. ಕಪ್ಪಗೆ, ನೊರೆನೊರೆಯಾಗಿ ಸೋಪಾನಕಟ್ಟೆಯ ಮೆಟ್ಟಿಲಿನ ಮೇಲೆ ಹರಿದು ಹೊಳೆಗೆ ಇಳಿಯಿತು. ಪೇಟೆಯವರು ಬಿಟ್ಟರು ಎಂದು ಬಯ್ಯುವ ಹಾಗೂ ಇಲ್ಲ. ಬಿಟ್ಟವಳು ನಾನು.

ಮಾರನೆಯ ದಿನ ಅಷ್ಟೂ ಹೆಂಗಸರು ಪೊರಕೆ, ಬಕೆಟ್ಟು ತೆಗೆದುಕೊಂಡು ಬಸ್ಸಿನಲ್ಲಿ ತಗ್ಗಿನ ಬೀದಿಗೆ ಹೋದೆವು. ಮೊದಲನೇ ಮನೆ ಸೋಮಮ್ಮ ಎನ್ನುವವಳದು. ಒಲೆಯ ಬಾಯಿಯವರೆಗೂ ನಿಂತಿದ್ದ ಗುರುತು ಗೋಡೆಯಲ್ಲಿದೆ. ರಾಗಿಹಿಟ್ಟಿನ ಡಬ್ಬ ತೇಲಿ ಮೂಲೆ ಸೇರಿದೆ. ನಾನೇ ಹೇಳಿದೆ, ಕಟ್ಟಿದ್ದು ನಾವು ಎಂದು. ಅವಳು, “ನಿಮ್ಮ ಒಳೆ ಉಳುಸ್ಕಳಕೆ ನಮ್ಮ ಒಲೆ ಮುಳುಗುಸಿದ್ರೇನವ್ವ?” ಎಂದಳು.

ನಾನು ಪೊರಕೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

“ನಿಂತ್ಕಂಡ್ರೆ ಓಯ್ತದಾ? ಬಗ್ಗಿ ಬಳೀರಿ” ಎಂದಳು. ಬಳಿದೆವು. ಮನೆ ಮನೆಯನ್ನೂ ಬಳಿದು ಬ್ಲೀಚಿಂಗ್ ಪುಡಿ ಹಾಕಿ ತೊಳೆದೆವು. ಪೈಪಿನಲ್ಲಿ ಇನ್ನೂ ಹುಲ್ಲು ಸಿಕ್ಕಿಕೊಂಡಿತ್ತೋ ಏನೋ, ನಾವು ಬಳಿಯುತ್ತಾ ಇರುವಾಗಲೇ ಬಚ್ಚಲಿನಿಂದ ಮತ್ತೆ ಗುಳುಗುಳು ಎಂದಿತು. ಸೋಮಮ್ಮ ಎದ್ದು ಹೋಗಿ ಇಟ್ಟಿಗೆ, ಸಿಮೆಂಟು ತಂದಳು, ಗಾರೆ ಕೆಲಸಕ್ಕೆ ಹೋಗುವವಳು ಅವಳು. “ಇವ್ರು ಕೊಟ್ಟ ಪೈಪು ಇವ್ರಿಗೇ ಇರ್ಲಿ. ಆ ತೊಟ್ಟಿ ಆಗೋಗಂಟ ನಮ್ಮನೆಯಿಂದ ಒಂದ್ ಚೊಂಬು ನೀರು ಬುಡಲ್ಲ. ನಮ್ಮ ಅಳೇ ಗುಂಡೀನೇ ಸಾಕು” ಎಂದು ಮನೆಯ ಪೈಪಿನ ಬಾಯಿಗೆ ಇಟ್ಟಿಗೆ ಇಟ್ಟು ಗಾರೆ ಬಳಿದಳು. ಪಕ್ಕದ ಮನೆಯವರೂ ಕರೆದರು. ಸಂಜೆ ಹೊತ್ತಿಗೆ ಬೀದಿ ಪೂರ್ತಿ ಮುಚ್ಚಿತು. ಆಮೇಲೆ ಸೋಮಮ್ಮ ಮುಂದೆ, ನಾವು ಹಿಂದೆ, ಮೇಲಿನ ಬೀದಿಗೆ ಹೋದೆವು. ಅಲ್ಲಿಯವರು ಗೇಟು ತೆಗೆಯಲಿಲ್ಲ. “ತೆಗೀಬ್ಯಾಡಿ. ನಮ್ಮನೇಲಿ ನಿಂತಿದ್ದು ಬಕೆಟ್‌ನಲ್ಲಿ ಅದೆ, ನಿಮ್ಮ ಬಾಗ್ಲಲ್ಲೇ ಇಟ್ಟು ಓಯ್ತೀವಿ. ನಿಮ್ದೇ ಅಲ್ವಾ?” ಎಂದಳು ಸೋಮಮ್ಮ. ಗೇಟು ತೆಗೆದರು. ಪೈಪು ಮುಚ್ಚಲು ಒಪ್ಪಿದರು. ಎಲ್ಲರೂ ಅಲ್ಲ, ಮುಕ್ಕಾಲು ಪಾಲು.

ಸಂಕ್ರಾಂತಿಗೆ ಯಾವ ದೊಡ್ಡವರೂ ಬರಲಿಲ್ಲ. ವಾಸನೆ ಅವರಿಗೆ ಮೊದಲೇ ಮುಟ್ಟಿತ್ತು. ನಿನ್ನ ದೂರು ನೋಡಲು ಇಬ್ಬರು ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗಿದ್ದಾರೆ. ಬೋರಿನ ನೀರು ಕುಡಿಯಬೇಡಿ ಎಂದಿದ್ದಾರೆ, ಟ್ಯಾಂಕರು ಬರುತ್ತಿದೆ. ಮಾದಸ್ವಾಮಿ ತುಕ್ಕು ಉಜ್ಜಿಸಿ ತೊಟ್ಟಿಗೆ ಕಾಂಕ್ರೀಟು ಹಾಕಿಸುತ್ತಿದ್ದಾನೆ. ಬೈಪಾಸಿನ ಬಾಯಲ್ಲಿ ಈಗ ಒಂದು ಸಣ್ಣ ಎಳೆ ಮಾತ್ರ ಸೋರುತ್ತದೆ, ಗೇಟು ತೆಗೆದರೂ ಪೈಪು ಮುಚ್ಚದವರದು. ದಿನಾ ಹೋಗಿ ನೋಡಿ ಉಗಿದು ಬರುತ್ತೇನೆ. ಹೊಳೆ ತೊಳೆದುಕೊಳ್ಳಲು ಒಂದು ಮಳೆಗಾಲ ಬೇಕು.

ಪಾಲಾರಿನಲ್ಲಿ ರೂಮು ಸಿಕ್ಕಿತಾ? ಊಟ ಹೇಗೆ? ಕೆಲಸದಿಂದ ತೆಗೆದರು ಎಂದು ಮೂಲೆ ಸೇರಿ ಅಳುತ್ತಾ ಕೂರಬೇಡ.

ನನ್ನದು ಒಂದು ಬೇರೆಯೇ ಪಾಡು. ಕೈಯನ್ನು ಸೀಗೆಪುಡಿ ಹಾಕಿ ಉಜ್ಜಿದೆ, ಹುಣಸೆಹಣ್ಣು ಹಾಕಿದೆ, ಬೂದಿ ಹಾಕಿದೆ, ನಿನ್ನ ಅತ್ತೆಯ ಡೆಟ್ಟಾಲು ಪೂರ್ತಿ ಸುರಿದೆ. ಮೂಸಿದರೆ ಏನೂ ಇಲ್ಲ ಎನ್ನುತ್ತಾರೆ ಎಲ್ಲರೂ. ನನಗಿದೆ. ತಟ್ಟೆಯ ಮುಂದೆ ಕೂತು ಮುದ್ದೆಗೆ ಕೈ ಹಾಕಿದರೆ ಆ ಬೆಚ್ಚಗಿನದು ನೆನಪಾಗಿ ಕೈ ಹಿಂದಕ್ಕೆ ಬರುತ್ತದೆ. ಹತ್ತು ದಿನವಾಯಿತು, ಚಮಚದಲ್ಲಿ ತಿನ್ನುತ್ತಿದ್ದೇನೆ. ಚಮಚದಲ್ಲಿ ಮುದ್ದೆ ತಿನ್ನುವವಳನ್ನು ಎಲ್ಲಾದರೂ ಕಂಡಿದ್ದೀಯಾ? ರಾಚಮ್ಮ ದಿನಾ ಜಗುಲಿಯಲ್ಲಿ ಬಂದು ಕೂತು ನೋಡಿ ನಗುತ್ತಾಳೆ.

ಭಾನುವಾರ ಬಸ್ಸು ಹತ್ತಿ ಬಾ. ಬಂದು ನೀನೇ ಮುರಿದು ಸಾರಿಗೆ ಅದ್ದಿ ನನ್ನ ಬಾಯಿಗೆ ಒಂದು ತುತ್ತು ಹಾಕು. ನಿನ್ನ ಕೈ ಚೊಕ್ಕಟವಾಗಿದೆ.

ಅಜ್ಜಿ